ನಿದ್ದೆಗೆ ಅಂತ ಆಂಗ್ಸೈಟಿ ಮಾತ್ರೆ ಬರ್ಕೊಟ್ರೆ ಹೆಂಗ್ ತಗೋಬೇಕು

ನಿದ್ದೆ ಬರ್ತಿಲ್ಲ ಅಂತ ಹೋದ್ರೆ ಡಾಕ್ಟ್ರು ಕೆಲವೊಮ್ಮೆ ಆಂಗ್ಸೈಟಿಗೆ ಕೊಡೋ ಮಾತ್ರೆನೇ ಬರ್ಕೊಡ್ತಾರೆ, ಆಲ್ಪ್ರಜೋಲಾಮ್, ಲೊರಾಜೆಪಾಮ್, ಕ್ಲೊನಾಜೆಪಾಮ್ ಇಂಥವು. ಎಲ್ಲಾ ಬೆಂಜೊಡಯಾಜೆಪೈನ್ ಅನ್ನೋ ಒಂದೇ ಗುಂಪಿನವು, ಮೆದುಳನ್ನ ಶಾಂತ ಮಾಡೋ ಗಾಬಾ ಅನ್ನೋ ಕೆಮಿಕಲ್‌ನ ಪ್ರಭಾವ ಜಾಸ್ತಿ ಮಾಡ್ತವೆ, ಅದಕ್ಕೇ ಚಿಂತೆಯಿಂದ ನಿದ್ದೆ ಕೆಟ್ಟೋರಿಗೆ ಮೊದಲ ರಾತ್ರಿನೇ ಫರಕ್ ಗೊತ್ತಾಗ್ಬಹುದು. ಹಂಗಂತ ಆಂಗ್ಸೈಟಿ ಮಾತ್ರೆ ಎಲ್ಲಾನೂ ನಿದ್ದೆ ತರಲ್ಲ. ಎಸ್ಸಿಟಲೊಪ್ರಾಮ್ ಥರದ್ದು ಕೆಲವರಿಗೆ ಇರೋ ನಿದ್ದೆನೂ ಕೆಡಿಸತ್ತೆ.

ಎಷ್ಟು ಎಂಜಿ ಅಂತ ಕೇಳೋಕೂ ಮುಂಚೆ ಯಾವಾಗ ನಿಲ್ಲಿಸ್ಬೇಕು ಅಂತ ಕೇಳಿ. ನನ್ನ ಪ್ರಕಾರ ಇದೇ ಮುಖ್ಯ. ನಿದ್ದೆಗೆ ಅಂತಾದ್ರೆ ಸಾಮಾನ್ಯವಾಗಿ 2ರಿಂದ 4 ವಾರ, ಅಷ್ಟೇ, ಆಮೇಲೆ ಮೈ ಅದಕ್ಕೆ ಒಗ್ಗಿ ಅದೇ ಡೋಸ್ ಸಾಲದೇ ಹೋಗತ್ತೆ, ಜನ ತಾವೇ ಅರ್ಧ ಮಾತ್ರೆ ಜಾಸ್ತಿ ಮಾಡ್ಕೋತಾರೆ, ಸಿಕ್ಕಾಕೊಳ್ಳೋದು ಅಲ್ಲೇ.

ಜೋರು ಗೊರಕೆ, ನಿದ್ದೆಲಿ ಉಸಿರು ಕಟ್ಟೋದು, ಪ್ರೆಗ್ನೆನ್ಸಿ, ಲಿವರ್ ತೊಂದರೆ, ಕುಡಿಯೋ ಅಭ್ಯಾಸ, ಯಾವುದಿದ್ರೂ ಡಾಕ್ಟ್ರಿಗೆ ಮುಚ್ಚಿಡ್ದೆ ಹೇಳಿ. ಟ್ರಮಡಾಲ್, ಕೊಡೈನ್ ಥರದ ನೋವಿನ ಮಾತ್ರೆ ಅಥವಾ ಆಲ್ಕೋಹಾಲ್ ಜೊತೆ ಈ ಗುಂಪಿನ ಮಾತ್ರೆ ಸೇರಿದ್ರೆ ಉಸಿರಾಟನೇ ನಿಂತೋಗಬಹುದು, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಈ ನೋವಿನ ಮಾತ್ರೆಗಳ ಜೊತೆ ಸೇರಿದ್ರೆ ಅಪಾಯ ಅಂತ ಲೇಬಲ್ ಮೇಲೇ ಕಪ್ಪು ಬಾಕ್ಸ್ ವಾರ್ನಿಂಗ್, ಅಂದ್ರೆ ಅದರ ಅತಿ ಗಂಭೀರ ಎಚ್ಚರಿಕೆ, ಹಾಕ್ಸಿದ್ದು ಅದಕ್ಕೇ. ಫಂಗಸ್‌ಗೆ ಕೀಟೊಕೊನಜೋಲ್, ಇಟ್ರಾಕೊನಜೋಲ್ ಮಾತ್ರೆ ನಡೀತಿದ್ರೆ ಆಲ್ಪ್ರಜೋಲಾಮ್ ತಗೊಳ್ಳೋ ಹಾಗೇ ಇಲ್ಲ.

ಕೆಲಸ ಎಲ್ಲಾ ಮುಗಿಸಿ, ಮಲಗೋ ಹೊತ್ತಿಗೆ, ಹೇಳಿದಷ್ಟೇ ತಗೊಳ್ಳಿ. ನಿದ್ದೆ ಬರ್ಲಿಲ್ಲ ಅಂತ ರಾತ್ರಿ 3ಕ್ಕೆ ಎದ್ದು ಇನ್ನೊಂದು ನುಂಗ್ಬೇಡಿ. ಆಲ್ಪ್ರಜೋಲಾಮ್ ಮೈಯಿಂದ ಅರ್ಧ ಇಳಿಯೋಕೇ ಸುಮಾರು 11 ಗಂಟೆ ಬೇಕು, ಕ್ಲೊನಾಜೆಪಾಮ್‌ಗೆ 30-40 ಗಂಟೆ, ಅಂದ್ರೆ ದಿನಾ ತಗೊಂಡ್ರೆ ನೆನ್ನೆದು ಇಳಿಯೋದ್ರೊಳಗೆ ಇವತ್ತಿಂದು ಸೇರ್ಕೊಳ್ಳತ್ತೆ, ಬೆಳಿಗ್ಗೆ ಮಂಪರು ಇದ್ರೆ ಗಾಡಿ ಮುಟ್ಬೇಡಿ. ವಯಸ್ಸಾದೋರಂತೂ ರಾತ್ರಿ ಬಾತ್‌ರೂಮಿಗೆ ಎದ್ದಾಗ ತಲೆಸುತ್ತಿ ಬೀಳೋದು ಜಾಸ್ತಿ, ಲೈಟ್ ಹಾಕಿಡಿ.

ಕೆಲವು ವಾರ ದಿನಾ ತಗೊಂಡ್ಮೇಲೆ ಚೆನ್ನಾಗಾಯ್ತು ಅಂತ ಒಂದೇ ಸಲ ಬಿಟ್ರೆ ಮುಂಚೆಗಿಂತ ಜಾಸ್ತಿ ನಿದ್ದೆ ಕೆಡಬಹುದು, ಕೈ ನಡುಕ, ಗಾಬರಿ, ಕೆಲವರಿಗೆ ಫಿಟ್ಸೂ ಬರತ್ತೆ. ಅಯ್ಯೋ ಕಾಯಿಲೆ ವಾಪಸ್ ಬಂತು ಅಂದ್ಕೊಂಡು ಜನ ಮತ್ತೆ ಶುರು ಮಾಡೋದೂ ಇದಕ್ಕೇ, ಆದ್ರೆ ಅದು ಎಷ್ಟೋ ಸಲ ಮಾತ್ರೆ ಬಿಟ್ಟಿದ್ದರ ಪರಿಣಾಮ ಅಷ್ಟೇ. ಡಾಕ್ಟ್ರ ಹತ್ರ ಪ್ಲಾನ್ ಹಾಕಿಸ್ಕೊಂಡು ವಾರಗಟ್ಟಲೆ ಸ್ವಲ್ಪ ಸ್ವಲ್ಪನೇ ಇಳಿಸ್ಬೇಕು.

ಮಾತ್ರೆ ನಡೀತಿರೋ ಆ ವಾರಗಳನ್ನ ಸುಮ್ನೆ ಕಳೀಬೇಡಿ. ಸಿಬಿಟಿ-ಐ ಅಂತ ಯೋಚನೆ, ಅಭ್ಯಾಸ ತಿದ್ದಿ ನಿದ್ದೆ ಸರಿ ಮಾಡೋ, ನಿದ್ದೆಗೇ ಇರೋ ಥೆರಪಿ ಇದೆ, ಹಳೇ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಕೊಡ್ಬೇಕಾದ್ದು ಅದೇ, ಕೇಳಿ ಶುರು ಮಾಡಿ. ದಿನಾ ಒಂದೇ ಟೈಮಿಗೆ ಏಳೋದು, 20 ನಿಮಿಷ ಹೊರಳಾಡಿದ್ರೂ ನಿದ್ದೆ ಬರ್ಲಿಲ್ಲ ಅಂದ್ರೆ ಹಾಸಿಗೆ ಬಿಟ್ಟು ಎದ್ದೋಗಿ ಕಣ್ಣು ಎಳೆಯೋಕೆ ಶುರುವಾದ್ಮೇಲೆ ಮಾತ್ರ ವಾಪಸ್ ಬರೋದು, ಇಷ್ಟನ್ನ ಇವತ್ತಿಂದ್ಲೇ ಮಾಡ್ಬಹುದು.