ತಮ್ಮನಿಗೆ ಅಂತ ಹಾಕಿದ ಬೀಗ

2009ರಲ್ಲಿ ನನ್ನ ಲ್ಯಾಪ್‌ಟಾಪ್‌ಗೆ ಬಯೋಸ್ ಪಾಸ್‌ವರ್ಡ್ ಹಾಕಿದ್ದೆ. ಬಯೋಸ್ ಅಂದರೆ ಆನ್ ಮಾಡಿದ ತಕ್ಷಣ, ವಿಂಡೋಸ್‌ಗೂ ಮೊದಲು ಓಡುವ ಪುಟ್ಟ ಪ್ರೋಗ್ರಾಂ. ಕಾರಣ ತಮ್ಮ. ನಾನು ಕಾಲೇಜಿಗೆ ಹೋದ ತಕ್ಷಣ ಗೇಮ್ ಆಡ್ತಾ ಕೂರುತ್ತಿದ್ದ. ಈಗ ಅವನಿಗೇ ಎರಡು ಮಕ್ಕಳು. ನನ್ನ ಮಗಳಿಗೆ ಕನ್ನಡ ಟೈಪಿಂಗ್ ಕಲಿಸೋಣ ಅಂತ ಮೊನ್ನೆ ಆ ಲ್ಯಾಪ್‌ಟಾಪನ್ನು ಅಟ್ಟದಿಂದ ಇಳಿಸಿದೆ. ಬ್ಯಾಟರಿ ಸತ್ತಿತ್ತು, ಅಡಾಪ್ಟರ್ ಚುಚ್ಚಿದರೆ ಆನ್ ಆಯಿತು. ಆದರೆ ವಿಂಡೋಸ್ ಬರುವ ಮೊದಲೇ ಪಾಸ್‌ವರ್ಡ್ ಕೇಳಿತು. ನೆನಪಿದ್ದರೆ ತಾನೇ!

ಹಳೇ ಡೆಸ್ಕ್‌ಟಾಪ್‌ಗಳಲ್ಲಿ ಇದು ಐದು ನಿಮಿಷದ ಕೆಲಸ. ಒಳಗಿನ ಮುಖ್ಯ ಬೋರ್ಡ್ ಆದ ಮದರ್‌ಬೋರ್ಡ್ ಮೇಲಿನ 3 ವೋಲ್ಟಿನ ಸಿಆರ್2032 ಬಿಲ್ಲೆ ಬ್ಯಾಟರಿ ತೆಗೆದು, ಸ್ವಲ್ಪ ಬಿಟ್ಟು ಹಾಕಿದರೆ ಪಾಸ್‌ವರ್ಡ್ ಅಳಿಸಿ ಹೋಗುತ್ತೆ. ಅದೇ ಧೈರ್ಯದಲ್ಲಿ ಇದರ ಹೊಟ್ಟೆಯನ್ನೂ ಬಿಚ್ಚಿದೆ. ಬಿಲ್ಲೆ ಕಿತ್ತು ರಾತ್ರಿಯೆಲ್ಲಾ ಬಿಟ್ಟೆ. ಬೆಳಿಗ್ಗೆ ಜೋಡಿಸಿದರೆ ಮತ್ತೆ ಅದೇ ಪ್ರಶ್ನೆ. ಮೂರು ಸ್ಕ್ರೂ ಮಿಕ್ಕಿದ್ದು ಬೇರೆ.

ಆಮೇಲೆ ಗೊತ್ತಾಯಿತು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪಾಸ್‌ವರ್ಡ್ ಇರುವುದು ಕರೆಂಟ್ ಇಲ್ಲದೆಯೂ ನೆನಪಿಟ್ಟುಕೊಳ್ಳುವ ಬೇರೆ ಚಿಪ್‌ನಲ್ಲಿ. ಬಿಲ್ಲೆ ತೆಗೆದರೆ ಗಡಿಯಾರ ಕೆಡುತ್ತೆ ಅಷ್ಟೇ. ಕದ್ದವನೂ ಸ್ಕ್ರೂಡ್ರೈವರ್ ಇಟ್ಟುಕೊಂಡಿರುತ್ತಾನೆ ಅಲ್ವಾ? ಅದಕ್ಕೇ ಈ ಏರ್ಪಾಡು. ಹಾರ್ಡ್‌ಡಿಸ್ಕ್ ಪಾಸ್‌ವರ್ಡ್ ಅಂತ ಇನ್ನೊಂದಿದೆ. ಅದು ಡಿಸ್ಕ್‌ನೊಳಗೇ ಇರುತ್ತೆ, ಡಿಸ್ಕನ್ನು ಬೇರೆ ಲ್ಯಾಪ್‌ಟಾಪ್‌ಗೆ ಹಾಕಿದರೂ ಬಿಡಲ್ಲ. ನಾನು ಪುಣ್ಯಕ್ಕೆ ಅದನ್ನು ಹಾಕಿರಲಿಲ್ಲ.

ತುಮಕೂರಿನ ಎಂ.ಜಿ. ರಸ್ತೆಯಲ್ಲಿ ಒಂದು ರಿಪೇರಿ ಅಂಗಡಿಗೆ ಹೋದೆ. ಪಾಸ್‌ವರ್ಡ್ ಇರುವ ಚಿಪ್ ಕಿತ್ತು ಅದರೊಳಗಿನದನ್ನು ಮತ್ತೆ ಬರೆಯಬೇಕು, ಆದರೆ ಗ್ಯಾರಂಟಿ ಇಲ್ಲ ಅಂದರು. ಬೋರ್ಡ್ ಸುಟ್ಟರೆ ಕಥೆ ಮುಗಿಯಿತು. ಬೇಡ ಅಂತ ವಾಪಸ್ ಬಂದೆ.

ದಾರಿ ಸಿಕ್ಕಿದ್ದು ಪರದೆಯಲ್ಲೇ. ಬೇಜಾರಿಗೆ ಸುಮ್ನೆ ಮೂರು ಸಲ ತಪ್ಪು ಪಾಸ್‌ವರ್ಡ್ ಹೊಡೆದೆ. ‘ಸಿಸ್ಟಮ್ ಡಿಸೇಬಲ್ಡ್’ ಅಂತ ಬಂದು, ಪಕ್ಕದಲ್ಲಿ ಐದು ಅಂಕಿ ಕಾಣಿಸಿತು. ಇದು ಸುಮ್ಮನೆ ಬರುವ ನಂಬರ್ ಅಲ್ಲ. ಕಂಪನಿಯವರು ಅದರಿಂದ ಮಾಸ್ಟರ್ ಪಾಸ್‌ವರ್ಡ್, ಅಂದರೆ ನಮ್ಮದು ಮರೆತರೂ ಬೀಗ ತೆರೆಯುವ ಪಾಸ್‌ವರ್ಡ್, ಲೆಕ್ಕ ಹಾಕಬಲ್ಲರು. ಎಲ್ಲಾ ಮಾಡೆಲ್‌ಗಳಲ್ಲೂ ಇದು ಬರಲ್ಲ. ಕೆಲವಕ್ಕೆ ಬೋರ್ಡೇ ಬದಲಿಸಬೇಕು.

ಆ ನಂಬರ್ ಹಿಡಿದು ಕಂಪನಿಯ ಸರ್ವಿಸ್‌ನವರನ್ನು ಕೇಳಿದೆ. ಅವರು ಮೊದಲು ಕೇಳಿದ್ದು ಬಿಲ್. ಹದಿನೈದು ವರ್ಷ ದಾಟಿದ ಬಿಲ್! ಅಮ್ಮನ ಟ್ರಂಕ್‌ನಲ್ಲಿ, ನನ್ನ ಮಾರ್ಕ್ಸ್‌ಕಾರ್ಡ್‌ಗಳ ನಡುವೆ ಸಿಕ್ಕಿತು. ಅಕ್ಷರ ಮಾಸಿದ್ದರೂ ಸೀರಿಯಲ್ ನಂಬರ್ ಓದಬಹುದಿತ್ತು. ಕೆಳಗಿನ ಸ್ಟಿಕ್ಕರ್‌ಗೆ ತಾಳೆ ನೋಡಿ, ಅರ್ಥವೇ ಇಲ್ಲದ ಒಂದಿಷ್ಟು ಇಂಗ್ಲಿಷ್ ಅಕ್ಷರ ಕೊಟ್ಟರು. ಬಿಲ್ ಇಲ್ಲದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಯಾಕೆ ಕೊಳ್ಳಬಾರದು ಅಂತ ಅವತ್ತು ಅರ್ಥವಾಯಿತು.

ಅದನ್ನು ಹಾಕಿದ್ದೇ ತಡ, ಬಾಗಿಲು ತೆರೆಯಿತು. ಆದರೆ ಅಷ್ಟಕ್ಕೇ ಬಿಟ್ಟರೆ ಮುಂದಿನ ಸಲ ಮತ್ತೆ ಕೇಳುತ್ತೆ. ಮತ್ತೆ ಆನ್ ಮಾಡುವಾಗಲೇ ಎಫ್2 ಒತ್ತಿ ಬಯೋಸ್ ಸೆಟಪ್‌ಗೆ ಹೋದೆ. ಕೆಲವು ಕಂಪನಿಗಳಲ್ಲಿ ಎಫ್10 ಅಥವಾ ಡಿಲೀಟ್ ಕೀ. ಸೆಕ್ಯುರಿಟಿ ಪುಟದಲ್ಲಿ ಸೂಪರ್‌ವೈಸರ್ ಪಾಸ್‌ವರ್ಡ್ (ಬಯೋಸ್‌ನ ಮುಖ್ಯ ಪಾಸ್‌ವರ್ಡ್) ಆರಿಸಿ, ಹಳೆಯದರ ಜಾಗದಲ್ಲಿ ಆ ಅಕ್ಷರಗಳನ್ನು ಕೊಟ್ಟೆ. ಹೊಸದರ ಎರಡೂ ಜಾಗ ಖಾಲಿ ಬಿಟ್ಟು ಎಂಟರ್ ಒತ್ತಿದೆ. ಸೇವ್ ಮಾಡಿ ಹೊರಬಂದೆ. ಪಾಸ್‌ವರ್ಡ್ ಗೊತ್ತಿದ್ದೂ ಬೇಡವಾದವರಿಗೆ ಇಷ್ಟೇ ಸಾಕು.

ವಿಂಡೋಸ್ ಬಂತು. ಯಾವ ವೆಬ್‌ಸೈಟ್ ತೆರೆದರೂ ಅದರ ಸರ್ಟಿಫಿಕೇಟ್, ಅಂದರೆ ಅವಧಿ ನಮೂದಿಸಿದ ಗುರುತಿನ ಚೀಟಿ, ಸರಿಯಿಲ್ಲ ಅಂತ ಗೊಣಗುತ್ತಿತ್ತು. ನೋಡಿದರೆ ತಾರೀಖು ಯಾವುದೋ ಕಾಲದ್ದು. ಆ ರಾತ್ರಿ ಬಿಲ್ಲೆ ಕಿತ್ತಿದ್ದೆನಲ್ಲ, ಅದರ ಫಲ. ತಾರೀಖು ಸರಿ ಮಾಡಿ ಮಗಳನ್ನು ಕೂರಿಸಿದೆ. ಅವಳು ಮೊದಲು ಹುಡುಕಿದ್ದು ಗೇಮ್.