ಗಾಜು ಆರಿಸುವ ಮುನ್ನ ಕೇಳಬೇಕಾದದ್ದು

ಕಾಸರಗೋಡು ಕರಾವಳಿಯ ಮುರಕಲ್ಲಿನ ಮನೆಗಳಿಗೂ ಈಗ ನಡುಅಂಗಳದ ಮೇಲೆ ಗಾಜಿನ ಮಾಡು, ಮಹಡಿಯ ಅಂಚಿಗೆ ಗಾಜಿನ ರೇಲಿಂಗ್ ಬರತೊಡಗಿವೆ. ಗಾಜು ಎಷ್ಟು ಗಟ್ಟಿ ಎಂದಷ್ಟೇ ವಿಚಾರಿಸಿದರೆ ಸಾಲದು; ಅದು ಒಡೆದರೆ ಚೂರುಗಳು ಏನಾಗುತ್ತವೆ, ಆ ಹೊತ್ತಿನಲ್ಲಿ ಅದರ ಕೆಳಗೆ ಯಾರಿರುತ್ತಾರೆ ಎಂಬುದನ್ನು ಮೊದಲು ಯೋಚಿಸಬೇಕು.

ಸಾದಾ ಗಾಜನ್ನು 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ ಕಾಯಿಸಿ, ಗಾಳಿ ಊದಿ ತಟ್ಟನೆ ತಣಿಸಿದರೆ ಟಫನ್ಡ್ ಗಾಜು ಸಿದ್ಧವಾಗುತ್ತದೆ. ಅದೇ ದಪ್ಪದ ಸಾದಾ ಗಾಜಿಗಿಂತ ಅದಕ್ಕೆ ನಾಲ್ಕೈದು ಪಟ್ಟು ಬಲವಿದ್ದು, ಒಡೆದರೆ ಚೂಪು ತುಂಡುಗಳಾಗದೆ ಕಲ್ಲುಸಕ್ಕರೆಯಂತಹ ಹರಳುಗಳಾಗಿ ಉದುರುತ್ತದೆ. ಬಚ್ಚಲುಮನೆಯ ಅಡ್ಡತೆರೆಗೂ ಬಾಗಿಲಿಗೂ ಇದು ಸಾಕು. ಆದರೆ ಹದಗೊಳಿಸಿದ ಮೇಲೆ ಕತ್ತರಿಸಲು, ತೂತು ಕೊರೆಯಲು ಬಾರದ ಕಾರಣ, ತಿರುಗಣಿ ಮತ್ತು ಹಿಡಿಗಳ ಜಾಗದವರೆಗೆ ಎಲ್ಲ ಅಳತೆಗಳನ್ನೂ ಮೊದಲೇ ಕೊಡಬೇಕು.

ತಲೆಯ ಮೇಲಿನ ಗಾಜಿಗೆ ಮಾತ್ರ ಈ ಲೆಕ್ಕ ಹೊಂದುವುದಿಲ್ಲ. ಒಳಗೆ ನಿಕ್ಕಲ್ ಸಲ್ಫೈಡಿನ ಸೂಕ್ಷ್ಮ ಕಣವೊಂದು ಉಳಿದಿದ್ದರೂ ಅದು ಕ್ರಮೇಣ ಹಿಗ್ಗಿ, ಪೆಟ್ಟೇ ಬೀಳದೆ ಟಫನ್ಡ್ ಗಾಜು ಸಿಡಿಯಬಹುದು. ಅಂತಹ ಗಾಜು ಕಾರ್ಖಾನೆಯಲ್ಲೇ ಒಡೆದುಹೋಗಲೆಂದು ಮತ್ತೆ ಕಾಯಿಸಿ ನೋಡುವ ಹೀಟ್ ಸೋಕ್ ಪರೀಕ್ಷೆ ಈ ಅಪಾಯವನ್ನು ತಗ್ಗಿಸುತ್ತದೆ, ಪೂರ್ತಿ ನೀಗಿಸುವುದಿಲ್ಲ. ತೆಂಗಿನ ಮರಗಳ ನಡುವಿನ ಮನೆಗಾದರೆ ಕಾಯಿಯ ಪೆಟ್ಟೂ ಇದ್ದದ್ದೇ. ಆದ್ದರಿಂದ ಮಾಡಿಗೂ ಮಹಡಿಯ ರೇಲಿಂಗ್‌ಗೂ ಎರಡು ಗಾಜುಗಳ ನಡುವೆ ಪಿ.ವಿ.ಬಿ. ಎಂಬ ಪಾರದರ್ಶಕ ಪ್ಲಾಸ್ಟಿಕ್ಕಿನ ಪದರವಿಟ್ಟು ಬೆಸೆದ ಲ್ಯಾಮಿನೇಟೆಡ್ ಗಾಜನ್ನೇ ಆರಿಸಬೇಕು, ಏಕೆಂದರೆ ಒಡೆದ ಚೂರುಗಳನ್ನು ಆ ಪದರ ಹಿಡಿದುಕೊಳ್ಳುತ್ತದೆ. ಎರಡೂ ಹಾಳೆಗಳು ಟಫನ್ಡ್ ಆಗಿದ್ದು ಎರಡೂ ಒಡೆದರೆ ಗಾಜು ಒದ್ದೆ ಬಟ್ಟೆಯಂತೆ ಜೋಲುವ ಸಾಧ್ಯತೆಯಿದೆ. ಟಫನ್ಡ್‌ನಂತೆಯೇ ಕಾಯಿಸಿದರೂ ಅದಕ್ಕಿಂತ ನಿಧಾನವಾಗಿ ತಣಿಸಿದ ಹೀಟ್ ಸ್ಟ್ರೆಂಥನ್ಡ್ ಗಾಜು ಸಾದಾ ಗಾಜಿನ ಸುಮಾರು ಎರಡು ಪಟ್ಟು ಮಾತ್ರ ಬಲವುಳ್ಳದ್ದು; ದೊಡ್ಡ ತುಂಡುಗಳಾಗಿ ಒಡೆಯುವುದರಿಂದ ಒಂಟಿಯಾಗಿ ಅದು ಸುರಕ್ಷತಾ ಗಾಜೂ ಅಲ್ಲ. ಆದರೂ ಲ್ಯಾಮಿನೇಟ್ ಮಾಡಿದಾಗ ಆ ದೊಡ್ಡ ತುಂಡುಗಳೇ ಒಂದಕ್ಕೊಂದು ಆತುಕೊಂಡು ಗಾಜನ್ನು ಚೌಕಟ್ಟಿನಲ್ಲಿ ನಿಲ್ಲಿಸುತ್ತವೆ. ಮಾಡಿಗೆ ನಾನು ಒಪ್ಪುವುದು ಇದನ್ನೇ.

ನಮ್ಮ ಮಳೆಗಾಲದಲ್ಲಿ ಲ್ಯಾಮಿನೇಟೆಡ್ ಗಾಜಿನ ಶತ್ರು ಅದರ ಅಂಚಿನಲ್ಲಿ ನಿಲ್ಲುವ ನೀರು. ತೇವ ಒಳಸೇರಿದರೆ ಪದರ ಬಿಳಚಿಕೊಂಡು ಬಿಡತೊಡಗುತ್ತದೆ. ಚೌಕಟ್ಟಿಗೆ ನೀರು ಹರಿದುಹೋಗುವ ರಂಧ್ರಗಳನ್ನೂ ಮಾಡಿಗೆ ಸಾಕಷ್ಟು ಇಳಿಜಾರನ್ನೂ ಇಡಿಸಿ. ಅಂಚು ಮುಚ್ಚುವ ಅಂಟುಗಳಲ್ಲಿ ಹುಳಿವಾಸನೆಯ ಅಸಿಟಿಕ್ ಸಿಲಿಕೋನ್ ಆ ಪಿ.ವಿ.ಬಿ. ಪದರವನ್ನು ಕೆಡಿಸಬಲ್ಲದಾದ್ದರಿಂದ ನ್ಯೂಟ್ರಲ್ ಸಿಲಿಕೋನನ್ನೇ ಬಳಸಲು ಹೇಳಿ.

ದಪ್ಪವನ್ನು ಅಂಗಡಿಯವರ ಅಂದಾಜಿಗೆ ಬಿಡದೆ, ಗಾಜಿನ ಅಗಲ ಮತ್ತು ಗಾಳಿಯ ಒತ್ತಡ ನೋಡಿ ಎಂಜಿನಿಯರರಿಂದಲೇ ನಿರ್ಧರಿಸಬೇಕು. ಗಾಜು ಮನೆಗೆ ಬಂದಾಗ ಮೂಲೆಯಲ್ಲಿ ಸುರಕ್ಷತಾ ಗಾಜಿನ ಭಾರತೀಯ ಮಾನಕವಾದ ಐ.ಎಸ್. 2553ರ ಗುರುತು ಇದೆಯೇ ಎಂದು ಪರೀಕ್ಷಿಸಿ, ಇಲ್ಲದಿದ್ದರೆ ಜೋಡಿಸಲು ಬಿಡದೆ ಹಿಂದಕ್ಕೆ ಕಳುಹಿಸಿ.