ಗ್ರಂಥಾಲಯ ಇರುವಾಗ ಲೇಖನಕ್ಕೆ ದುಡ್ಡು ಯಾಕೆ ಕೊಡಬೇಕು?

ಪಿಎಚ್‌ಡಿ ಮಾಡುವವರಿಂದ ಹಿಡಿದು ಪಾಠ ಹೇಳುವ ಮೇಷ್ಟ್ರುಗಳವರೆಗೆ ಬಹಳ ಜನ ಮಾಡುವುದು ಒಂದೇ. ಗೂಗಲ್‌ನಲ್ಲಿ ಹುಡುಕುತ್ತಾರೆ, ಲೇಖನ ಸಿಕ್ಕಿ ಅದು ದುಡ್ಡು ಕೇಳಿದ ಕೂಡಲೇ ಕೈಬಿಡುತ್ತಾರೆ, ಇಲ್ಲವೇ ವಾಟ್ಸಾಪ್ ಗುಂಪಿನಲ್ಲಿ "ಯಾರ ಹತ್ರನಾದ್ರೂ ಪಿಡಿಎಫ್ ಇದ್ಯಾ?" ಅಂತ ಕೇಳುತ್ತಾರೆ. ಆದರೆ ಆ ಲೇಖನಕ್ಕೆ ನಿಮ್ಮ ಪರವಾಗಿ ಸರ್ಕಾರ ಆಗಲೇ ದುಡ್ಡು ಕಟ್ಟಿರಬಹುದು. ಮೊದಲು ಅದನ್ನು ನೋಡಿ.

2025ರ ಜನವರಿಯಲ್ಲಿ, ಸಂಶೋಧನಾ ಪತ್ರಿಕೆಗಳಿಗೆ ಕೇಂದ್ರ ಸರ್ಕಾರವೇ ಚಂದಾ ಕಟ್ಟುವ 'ಒಂದು ರಾಷ್ಟ್ರ, ಒಂದು ಚಂದಾದಾರಿಕೆ' ಯೋಜನೆ ಶುರುವಾಯಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಹತ್ತಿರ ಹತ್ತಿರ 13,000 ಜರ್ನಲ್‌ಗಳು. ವಿಶ್ವವಿದ್ಯಾಲಯಗಳ ಗ್ರಂಥಾಲಯಗಳನ್ನು ಜೋಡಿಸುವ ಯುಜಿಸಿಯ ಕೇಂದ್ರ, ಗಾಂಧಿನಗರದ ಇನ್‌ಫ್ಲಿಬ್‌ನೆಟ್, ಇದನ್ನು ನಡೆಸುತ್ತದೆ. ಕೇಂದ್ರ, ರಾಜ್ಯ ಸರ್ಕಾರದ ವಿಶ್ವವಿದ್ಯಾಲಯ, ಕಾಲೇಜುಗಳವರಿಗೆ ಇದು ಸಿಗುತ್ತದೆ. ಖಾಸಗಿ ಕಾಲೇಜಿನವರು ತಮ್ಮಲ್ಲಿ ಎನ್-ಲಿಸ್ಟ್ (ಕಾಲೇಜುಗಳಿಗೆ ಇ-ಜರ್ನಲ್, ಇ-ಪುಸ್ತಕ ಕೊಡುವ ಇನ್‌ಫ್ಲಿಬ್‌ನೆಟ್‌ನ ಇನ್ನೊಂದು ಯೋಜನೆ) ಸದಸ್ಯತ್ವ ಇದೆಯಾ ಅಂತ ಲೈಬ್ರೇರಿಯನ್ ಹತ್ತಿರ ಕೇಳಿ.

ಕ್ಯಾಂಪಸ್‌ನಲ್ಲಿ ತೆರೆಯುವ ಲೇಖನ ಮನೆಯಲ್ಲಿ ತೆರೆಯುವುದಿಲ್ಲ, ಯಾಕೆಂದರೆ ಪ್ರಕಾಶಕರ ಸೈಟು ವಿಶ್ವವಿದ್ಯಾಲಯದ ಐಪಿ ವಿಳಾಸ ನೋಡಿ ಒಳಗೆ ಬಿಡುತ್ತದೆ. ಇದಕ್ಕೇ ಇನ್‌ಫೆಡ್ ಲಾಗಿನ್ ಇರುವುದು, ಅಂದರೆ ಎಲ್ಲಿದ್ದರೂ ನಿಮ್ಮ ಸಂಸ್ಥೆಯ ಹೆಸರಿನಲ್ಲಿ ಒಳಗೆ ಹೋಗುವ ಇನ್‌ಫ್ಲಿಬ್‌ನೆಟ್‌ನ ವ್ಯವಸ್ಥೆ. ಗ್ರಂಥಾಲಯದಲ್ಲಿ ಒಂದು ಸಲ ಯೂಸರ್‌ನೇಮ್ ಮಾಡಿಸಿಕೊಳ್ಳಿ. ಆಮೇಲೆ ಜರ್ನಲ್ ಪುಟದಲ್ಲಿ ಸಂಸ್ಥೆಯ ಮೂಲಕ ಲಾಗಿನ್ ಆಗುವ ಕೊಂಡಿ ಒತ್ತಿ, ಇನ್‌ಫೆಡ್ ಆರಿಸಿ, ನಿಮ್ಮ ವಿಶ್ವವಿದ್ಯಾಲಯದ ಹೆಸರು ಹುಡುಕಿ. ಅಷ್ಟೇ ಕೆಲಸ.

ಇನ್ನು ಶೋಧಗಂಗಾ. ದೇಶದ ಪಿಎಚ್‌ಡಿ ಪ್ರಬಂಧಗಳು ಇಲ್ಲಿ ಪುಕ್ಕಟೆ ಸಿಗುತ್ತವೆ, ಆದರೆ ಹುಡುಕುವ ರೀತಿ ಗೊತ್ತಿರಬೇಕು. ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದೀರಿ ಅಂದುಕೊಳ್ಳಿ. ಕನ್ನಡ ಲಿಪಿಯಲ್ಲಿ 'ವೀರಗಲ್ಲು' ಅಂತ ಒಂದು ಸಲ ಹುಡುಕಿ. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'veeragallu', 'viragal', 'hero stone' ಮೂರನ್ನೂ ಬೇರೆ ಬೇರೆಯಾಗಿ ಹಾಕಿ, ಯಾಕೆಂದರೆ ಒಬ್ಬೊಬ್ಬರು ಒಂದೊಂದು ಥರ ಬರೆದು ಸೇರಿಸಿರುತ್ತಾರೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪ್ರಬಂಧಗಳ ಒಳಗೆ ಕನ್ನಡದಲ್ಲಿ ಹುಡುಕಿದರೆ ಏನೂ ಸಿಗುವುದಿಲ್ಲ, ಪುಟ ತಿರುಗಿಸಿಯೇ ನೋಡಬೇಕು. ಪ್ರಬಂಧ ಸಿಕ್ಕಿದರೆ ಮೊದಲ ಅಧ್ಯಾಯಕ್ಕೆ ಹೋಗಬೇಡಿ. ಅಧ್ಯಾಯಗಳು ಬೇರೆ ಬೇರೆ ಫೈಲಾಗಿರುತ್ತವಲ್ಲ, ಗ್ರಂಥಋಣದ ಫೈಲನ್ನೇ ಮೊದಲು ತೆಗೆಯಿರಿ. ವರ್ಷಗಟ್ಟಲೆ ಯಾರೋ ಹುಡುಕಿದ್ದೆಲ್ಲ ಅಲ್ಲಿರುತ್ತದೆ.

ಈಗ ನನಗೆ ಜಾಸ್ತಿ ಕಾಳಜಿ ಇರುವ ವಿಷಯ. ಕನ್ನಡದ ವಿಷಯಕ್ಕೆ ಈ ದೊಡ್ಡ ದೊಡ್ಡ ಡೇಟಾಬೇಸ್‌ಗಳನ್ನು ಮಾತ್ರ ನಂಬಬೇಡಿ. 'ಪ್ರಬುದ್ಧ ಕರ್ನಾಟಕ', 'ಪರಿಷತ್ಪತ್ರಿಕೆ' ಇವುಗಳ ಹಳೆ ಸಂಚಿಕೆಗಳು ಬೇಕಾದರೆ ಬೈಂಡು ಮಾಡಿಟ್ಟ ಸಂಪುಟಗಳ ಹತ್ತಿರ ಎದ್ದು ಹೋಗಲೇಬೇಕು. ಕೆಲವು ಇಂಟರ್ನೆಟ್ ಆರ್ಕೈವ್‌ನಲ್ಲೂ ಸಿಗುತ್ತವೆ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿ ಇರುವ ಗ್ರಂಥಾಲಯದಲ್ಲಿ ಕನ್ನಡ ಸಾಹಿತ್ಯ 894.814ರಲ್ಲಿ ಇರುತ್ತದೆ. ಬೇಕಾದ ಪುಸ್ತಕ ತೆಗೆದುಕೊಂಡು ಹಾಗೇ ಬಂದುಬಿಡಬೇಡಿ, ಅಕ್ಕಪಕ್ಕದ ಎರಡು ಸಾಲು ನೋಡಿ. ಕ್ಯಾಟಲಾಗಿನಲ್ಲಿ ಹೆಸರು ತಪ್ಪಾಗಿ ಸೇರಿದ ಪುಸ್ತಕಗಳು ಕಪಾಟಿನಲ್ಲೇ ಕಣ್ಣಿಗೆ ಬೀಳುವುದು.

ಶಾಸನ ನೋಡುವವರಿಗೆ ಒಂದು ಎಚ್ಚರಿಕೆ. ಕರ್ನಾಟಕದ ಶಾಸನಗಳ ಸಂಪುಟಮಾಲೆ ಎಪಿಗ್ರಾಫಿಯ ಕರ್ನಾಟಿಕಕ್ಕೆ (ಎ.ಕ.) ಎರಡು ಆವೃತ್ತಿ ಇವೆ. ಬಿ.ಎಲ್. ರೈಸ್ ತಂದ ಹಳೆಯದರಲ್ಲಿ 7ನೇ ಸಂಪುಟ ಶಿವಮೊಗ್ಗ ಜಿಲ್ಲೆಯದು, ಮೈಸೂರು ವಿಶ್ವವಿದ್ಯಾಲಯದ ಹೊಸದರಲ್ಲಿ 7ನೇ ಸಂಪುಟ ಮಂಡ್ಯ ಜಿಲ್ಲೆಯದು. ಅಡಿಟಿಪ್ಪಣಿಯಲ್ಲಿ ಬರೀ 'ಎ.ಕ. 7' ಅಂತಿದ್ದರೆ ಯಾವ ಆವೃತ್ತಿ ಅಂತ ತಾಲೂಕಿನ ಹೆಸರು ನೋಡಿ ಖಚಿತ ಮಾಡಿಕೊಳ್ಳಿ. ನೀವು ಬರೆಯುವಾಗ ಆವೃತ್ತಿ, ಸಂಪುಟ, ತಾಲೂಕು, ಶಾಸನದ ಸಂಖ್ಯೆ ನಾಲ್ಕನ್ನೂ ಕೊಡಿ.

ಇಷ್ಟಾದರೂ ಪುಸ್ತಕ ಸಿಗಲಿಲ್ಲವಾ? ಯಾವ ವಿಶ್ವವಿದ್ಯಾಲಯದಲ್ಲಿದೆ ಅಂತ ಇನ್‌ಫ್ಲಿಬ್‌ನೆಟ್‌ನ ಒಟ್ಟು ಕ್ಯಾಟಲಾಗ್ ಇಂಡ್‌ಕ್ಯಾಟ್‌ನಲ್ಲಿ ನೋಡಿ. ನಿಮ್ಮ ಗ್ರಂಥಾಲಯ ಡೆಲ್ನೆಟ್ ಎಂಬ ಗ್ರಂಥಾಲಯಗಳ ಜಾಲದ ಸದಸ್ಯವಾಗಿದ್ದರೆ ಬೇರೆ ಗ್ರಂಥಾಲಯದಿಂದ ತರಿಸಿಕೊಡಲು ಕೇಳಬಹುದು. ಕೇಳುವಾಗ ಸುಮ್ನೆ "ಒಂದು ಲೇಖನ ಬೇಕಿತ್ತು" ಅನ್ನಬೇಡಿ. ಲೇಖಕರು, ಪತ್ರಿಕೆ, ಸಂಪುಟ, ವರ್ಷ, ಪುಟ ಎಲ್ಲವನ್ನೂ ಬರೆದು ಮೇಲ್ ಮಾಡಿ.